ಬೋರ್ ನೀರಿಗೆ ಒಗ್ಗುವ ನಾಲ್ಕಡಿ ಅಕ್ವೇರಿಯಂ

ಎರಡಡಿ ಟ್ಯಾಂಕಿನಲ್ಲಿ ಗಪ್ಪಿ, ಮಾಲಿ ಸಾಕಿ ಒಂದೆರಡು ವರ್ಷ ಕಳೆದವರಿಗೆ ದೊಡ್ಡದೇನಾದರೂ ಮಾಡಬೇಕು ಅಂತ ಕೈ ತುರಿಸಲು ಶುರುವಾಗುತ್ತದೆ. ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಡಿಸ್ಕಸ್. ತಟ್ಟೆಯಂಥ ಮೈ, ಕೆಂಪು-ನೀಲಿ ಗೆರೆ. ನಾನೂ ನಾಲ್ಕು ತಂದಿದ್ದೆ. ಚಿತ್ರದುರ್ಗದ ನಮ್ಮ ಮನೆಯ ಬೋರ್ ನೀರಲ್ಲಿ ಅವು ಎರಡು ತಿಂಗಳೂ ಬಾಳಲಿಲ್ಲ. ತಪ್ಪು ನನ್ನದೇ. ಅಮೆಜಾನ್ ನದಿಯ ಮೆದು ನೀರಿನ ಮೀನನ್ನು ತಂದು, ಕಾಯಿಸಿದರೆ ಪಾತ್ರೆ ತಳಕ್ಕೆ ಸುಣ್ಣ ಕಟ್ಟುವ ನೀರಿಗೆ ಬಿಟ್ಟಿದ್ದೆ.

ಎರೆ ಹೊಲಕ್ಕೆ ಹತ್ತಿ, ಕೆಂಪು ನೆಲಕ್ಕೆ ಶೇಂಗಾ ಅಂತ ನಮ್ಮ ಕಡೆ ನೆಲ ನೋಡಿಯೇ ಬಿತ್ತುತ್ತಾರೆ. ಮುಂದಿನ ಸಲ ನಾನೂ ನೀರು ನೋಡಿ ಮೀನು ಆರಿಸಿದೆ. ಸಿಕ್ಕಿದ್ದು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಅನ್ನುವ ಮೀನುಗಳು. ಆ ಸರೋವರದ ನೀರಿನ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ ಹೇಳುವ ಅಳತೆ, ಸುಮಾರು 7.8ರಿಂದ 8.6. ಗಡಸು ನೀರನ್ನೂ ಈ ಮೀನುಗಳು ಚೆನ್ನಾಗಿ ತಡೆದುಕೊಳ್ಳುತ್ತವೆ. ಇವುಗಳಲ್ಲಿ ಬಂಡೆ ಸಂದಿಯಲ್ಲೇ ಬಾಳುವ ಗುಂಪಿಗೆ ಎಂಬೂನಾ ಅಂತ ಹೆಸರು. ಅಲ್ಲಿನ ತೋಂಗಾ ಭಾಷೆಯಲ್ಲಿ ಕಲ್ಲಿನ ಮೀನು ಅಂತ ಅರ್ಥವಂತೆ. ದುರ್ಗದಲ್ಲಿ ಕಲ್ಲಿಗೆ ಬರವೇ?

ಮೊದಲು ನೀರು ಅಳೆಯಿರಿ

ಪಿಎಚ್ ಕಿಟ್ ಮತ್ತು ಗಡಸುತನದ ಕಿಟ್ ತಂದು ಮನೆಯ ನೀರು ಪರೀಕ್ಷಿಸಿ. ಬೋರ್ ನೀರನ್ನು ಒಂದು ದಿನ ಬಕೆಟ್‌ನಲ್ಲಿ ಇಟ್ಟು, ಆಮೇಲೆ ಪಿಎಚ್ ನೋಡಿ. ಆಗಷ್ಟೇ ಮೇಲೆ ಬಂದ ನೀರು ಸುಳ್ಳು ಲೆಕ್ಕ ಕೊಡುವುದುಂಟು. 7.6 ದಾಟಿದ್ದರೆ ಈ ಟ್ಯಾಂಕಿಗೆ ನಿಮ್ಮ ನೀರು ಆಗುತ್ತದೆ.

ದಾವಣಗೆರೆಯಲ್ಲಿ ನಲ್ಲಿ ನೀರು ಬಳಸುವವರಿಗೆ ಲೆಕ್ಕ ಬೇರೆ. ನದಿ, ನಾಲೆಯ ನೀರು ಸಾಮಾನ್ಯವಾಗಿ ಬೋರ್‌ಗಿಂತ ಮೆದು. ಅದರಲ್ಲಿ ಕ್ಲೋರಿನ್ ಕೂಡ ಇರುತ್ತದೆ, ಆ್ಯಂಟಿ-ಕ್ಲೋರಿನ್ ಹಾಕದೆ ಬಳಸಬೇಡಿ. ಪಿಎಚ್ ಏರಿಸಲು ಪುಡಿ ಮಾಡಿದ ಕಪ್ಪೆಚಿಪ್ಪನ್ನು ಬಟ್ಟೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿ ಇಡಬಹುದು. ನನ್ನನ್ನು ಕೇಳಿದರೆ, ಮೆದು ನೀರು ಇರುವವರು ಗಿಡಗಳ ಟ್ಯಾಂಕ್ ಮಾಡುವುದೇ ವಾಸಿ.

ಭಾರದ ಲೆಕ್ಕ

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ತುಂಬಿದರೆ ಸುಮಾರು 250 ಲೀಟರ್. ನೀರೇ 250 ಕೆಜಿ ಆಯಿತು. 10 ಎಂಎಂ ಗಾಜು 50 ಕೆಜಿ ದಾಟುತ್ತದೆ. ಕಲ್ಲು, ಮರಳು ಸೇರಿದರೆ ನಾಲ್ಕು ಕ್ವಿಂಟಾಲ್ ಹತ್ತಿರ. ಅಂದರೆ 50 ಕೆಜಿಯ ಎಂಟು ಚೀಲ ಈರುಳ್ಳಿಯನ್ನು ಒಂದೇ ಕಡೆ ಪೇರಿಸಿದ ಹಾಗೆ. ಟೀವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಬಿಟ್ಟುಬಿಡಿ. ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿ, ಮೇಲೆ ಕಡಪ ಕಲ್ಲು ಹಾಕಿ, ಅದರ ಮೇಲೆ ಥರ್ಮಾಕೋಲ್ ಹಾಳೆ. ಮಹಡಿ ಮನೆಯಾದರೆ ನಡುಮನೆಯಲ್ಲಿ ಬೇಡ, ಗೋಡೆಗೆ ಒತ್ತಿ, ಕೆಳಗೆ ಬೀಮ್ ಇರುವ ಕಡೆ ಇಡಿ. ರಸಮಟ್ಟ ಇಟ್ಟು ಎರಡೂ ದಿಕ್ಕು ನೋಡಿ. ಒಂದು ಮೂಲೆ ತಗ್ಗಿದ್ದರೂ ಗಾಜಿನ ಕೀಲಿಗೆ ಪೆಟ್ಟು.

ಅಂಟಿಸಿದ ಹೊಸ ಟ್ಯಾಂಕಿನ ಸಿಲಿಕಾನ್ ಒಣಗಲು ಒಂದು ವಾರ ಬಿಡಿ. ಆಮೇಲೆ ಹೊರಗೆ, ಸಮ ನೆಲದಲ್ಲಿ, ನೀರು ತುಂಬಿ ಎರಡು ದಿನ ಸೋರುತ್ತದಾ ನೋಡಿ.

ಮೇಲಿನ ಹೊಂಡ, ಕೆಳಗಿನ ಹೊಂಡ

ಎಂಬೂನಾಗಳು ಗಲೀಜು ಜಾಸ್ತಿ ಮಾಡುತ್ತವೆ. ಅದಕ್ಕೆ ಟ್ಯಾಂಕಿನ ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ಅದರಲ್ಲೇ ಫಿಲ್ಟರ್ ಮಾಡುವುದು ಒಳ್ಳೆಯದು. ಇದಕ್ಕೂ ಸಂಪ್ ಅಂತಲೇ ಹೆಸರು. ಕೋಟೆ ಹತ್ತಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ ನೀರು ಇಳಿಯುತ್ತದೆ. ನಮ್ಮದೂ ಅದೇ. ಮೇಲಿನ ಟ್ಯಾಂಕಿನ ಮೂಲೆಯಲ್ಲಿರುವ, ಹೆಚ್ಚಾದ ನೀರು ಬೀಳುವ ಓವರ್‌ಫ್ಲೋ ಬಾಕ್ಸ್‌ನಿಂದ ನೀರು ಪೈಪಿನಲ್ಲಿ ಕೆಳಗೆ ಬರುತ್ತದೆ. ಸ್ಪಂಜು, ಸೆರಾಮಿಕ್ ರಿಂಗ್ ದಾಟುತ್ತದೆ. ಕೊನೆಯ ಖಾನೆಯಲ್ಲಿರುವ ಮೋಟರ್ ಅದನ್ನು ಮತ್ತೆ ಮೇಲೆ ಎತ್ತುತ್ತದೆ. ಗಂಟೆಗೆ ಸಾವಿರದಿಂದ ಸಾವಿರದಿನ್ನೂರು ಲೀಟರ್ ಮೇಲೆ ಹೋಗಬೇಕು. ಎತ್ತರಕ್ಕೆ ತಳ್ಳುವಾಗ ಮೋಟರಿನ ಶಕ್ತಿ ಕುಗ್ಗುವುದರಿಂದ ಡಬ್ಬದ ಮೇಲೆ 2000 ಅಂತ ಬರೆದಿರುವುದನ್ನೇ ತನ್ನಿ. ಬಾಕ್ಸ್‌ಗೆ ಬೇಕಾದ ತೂತನ್ನು ಟ್ಯಾಂಕ್ ಮಾಡುವವರೇ ಕೊರೆಯಲಿ.

ನಾನು ಎಡವಿದ್ದು ಮುಂದಿನ ಹಂತದಲ್ಲಿ. ಕರೆಂಟ್ ಹೋದರೆ ಏನಾಗುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಮೋಟರ್ ನಿಂತ ಕೂಡಲೇ ಮೇಲಿನ ನೀರು, ಮೋಟರ್ ನೀರೆತ್ತುವ ಪೈಪಿನಲ್ಲೇ ಹಿಂದಕ್ಕೆ ಎಳೆದುಕೊಂಡು ಕೆಳಗೆ ಇಳಿಯತೊಡಗುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ. ನನ್ನ ಪೈಪಿನ ಬಾಯಿ ನೀರಿನೊಳಗೆ 4 ಇಂಚು ಆಳದಲ್ಲಿತ್ತು. ಈ ಅಳತೆಯ ಟ್ಯಾಂಕಿನಲ್ಲಿ ಒಂದು ಇಂಚು ಅಂದರೆ 14 ಲೀಟರ್. ನಾಲ್ಕು ಇಂಚಿಗೆ 56. ಕೆಳಗಿನ ಸಂಪ್ 70 ಲೀಟರಿನದು, ಅರ್ಧ ಆಗಲೇ ತುಂಬಿತ್ತು. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಯಿತು. ಸುಮಾರು ಎರಡು ಕೊಡ ನೀರು ಹಾಲ್‌ನಲ್ಲಿ. ಚಾಪೆ ಹಾಸಿ ಮಲಗಿದ್ದ ಅವ್ವ ಕತ್ತಲಲ್ಲಿ ಎದ್ದು ಕೂತು, "ಏನೋ, ಮಾಳಿಗೆ ಸೋರ್ತೈತೇನೋ?" ಅಂದರು. ನಮ್ಮದು ಆರ್‌ಸಿಸಿ ಮನೆ.

ಪರಿಹಾರ ಸುಲಭ. ಪೈಪಿನಲ್ಲಿ ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ 3 ಎಂಎಂ ತೂತು ಕೊರೆಯಿರಿ. ನೀರು ಅಷ್ಟು ಇಳಿದ ಕೂಡಲೇ ಗಾಳಿ ಒಳಗೆ ಹೋಗಿ ಎಳೆತ ತಪ್ಪುತ್ತದೆ. ಪಾಚಿ ಕಟ್ಟಿ ತೂತು ಮುಚ್ಚುತ್ತದೆ, ವಾರಕ್ಕೊಮ್ಮೆ ಪಿನ್ ಹಾಕಿ ಬಿಡಿಸಿ. ಸಂಪಿನಲ್ಲಿ ಯಾವಾಗಲೂ ಮೇಲಿನ 4 ಇಂಚು ಖಾಲಿ ಇರಲಿ. ಹಗಲು ಹೊತ್ತಿನಲ್ಲಿ ನೀವೇ ಮೂರು ಸಲ ಸ್ವಿಚ್ ಆರಿಸಿ ನೋಡಿ. ವೈರುಗಳನ್ನು ಪ್ಲಗ್ಗಿಗಿಂತ ಕೆಳಗೆ ಜೋತು ಬಿಟ್ಟು ಆಮೇಲೆ ಮೇಲೆ ತನ್ನಿ. ತಂತಿಯ ಮೇಲೆ ನೀರು ಹರಿದರೂ ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಕಲ್ಲು ಜೋಡಿಸುವುದು

ಕೋಟೆಯಿಂದ ಕಲ್ಲು ತರಬೇಡಿ, ಅದು ಸಂರಕ್ಷಿತ ಸ್ಮಾರಕ. ಕಟ್ಟಡದ ಕಲ್ಲು ಮಾರುವ ಕಡೆ ಮುಷ್ಟಿಯಿಂದ ತಲೆಗಾತ್ರದವರೆಗಿನ ಗ್ರಾನೈಟ್ ಆರಿಸಿ. ಹಸಿರು ಬಣ್ಣದ, ಮಿಣುಗುವ ಲೋಹದ ಗೆರೆ ಇರುವ ಕಲ್ಲು ಬೇಡ. ಇಂಗಳದಾಳಿನಲ್ಲಿ ತಾಮ್ರದ ಗಣಿ ಇದ್ದ ಸೀಮೆ ಇದು, ತಾಮ್ರ ಮೀನಿಗೆ ವಿಷ. ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಬೇಯಿಸಲು ಹೋಗಬೇಡಿ, ಒಳಗೆ ತೇವ ಇದ್ದರೆ ಕಲ್ಲು ಸಿಡಿಯಬಹುದು.

ಮರಳು ಹಾಸಿ ಅದರ ಮೇಲೆ ಕಲ್ಲು ಇಡುವುದು ಎಲ್ಲರೂ ಮಾಡುವ ತಪ್ಪು. ಈ ಮೀನುಗಳು ಬಾಯಲ್ಲಿ ಮರಳು ಮೊಗೆದು ಮೊಗೆದು ಬುಡ ತೋಡುತ್ತವೆ. ಕಲ್ಲು ಉರುಳಿ ಗಾಜು ಒಡೆದರೆ ಕಥೆ ಮುಗಿಯಿತು. ತಳದ ಗಾಜಿನ ಮೇಲೆ ತೆಳು ಫೋಮ್ ಹಾಸಿ, ಮೊದಲು ದೊಡ್ಡ ಕಲ್ಲು ಕೂರಿಸಿ. ಒಣಗಲ್ಲಿನ ಗೋಡೆ ಕಟ್ಟುವ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಪೇರಿಸಿ. ಕೈಯಿಂದ ಅಲುಗಿಸಿ ನೋಡಿ. ಸಂದಿಗಳು ಎಷ್ಟು ಜಾಸ್ತಿಯೋ ಜಗಳ ಅಷ್ಟು ಕಡಿಮೆ. ಕೊನೆಗೆ ಜರಡಿ ಹಿಡಿದು ತೊಳೆದ 25 ಕೆಜಿ ಮರಳನ್ನು ಸುತ್ತ ಹರಡಿ.

ಆರು ವಾರ ಸುಮ್ನೆ ಕಾಯಬೇಕು

ಮೀನಿನ ಗಲೀಜಿನಿಂದ ಅಮೋನಿಯಾ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಹಿಡಿತದಲ್ಲಿದ್ದರೆ ಪರವಾಗಿಲ್ಲ. ಈ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಹಾಗಾಗಿ ನಮ್ಮ ನೀರಲ್ಲಿ ಆತುರ ಪಟ್ಟರೆ ಬೆಲೆ ಜಾಸ್ತಿ. ದಿನಾ ಚಿಟಿಕೆ ಮೀನಿನ ಆಹಾರ ಖಾಲಿ ಟ್ಯಾಂಕಿಗೆ ಹಾಕಿ. ಹಳೆ ಟ್ಯಾಂಕಿನ ಕೊಳಕು ಸ್ಪಂಜನ್ನು ತೊಳೆಯದೆ ಸಂಪಿಗೆ ಸೇರಿಸಿ. ಹೆಪ್ಪು ಹಾಕಿದ ಹಾಗೆ, ಬೇಗ ಆಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವ ತನಕ ಒಂದು ಮೀನೂ ಬೇಡ.

ಮೀನು ಬಿಡುವಾಗ

ಎಲೆಕ್ಟ್ರಿಕ್ ಯೆಲ್ಲೋ ಅಂತ ಕರೆಯುವ ಹಳದಿ ಮೀನಿನಿಂದ ಶುರು ಮಾಡಿ, ಈ ಗುಂಪಿನಲ್ಲಿ ಅದು ಸಾಧು. ಹಳದಿ-ಕಪ್ಪು ಪಟ್ಟೆಯ ಔರಾಟಸ್ ಎಷ್ಟೇ ಚೆಂದ ಕಂಡರೂ ತರಬೇಡಿ. ಬೆಳೆದ ಗಂಡು ಇಡೀ ಟ್ಯಾಂಕ್ ತನ್ನದು ಅನ್ನುತ್ತದೆ. ಎರಡು ಇಂಚಿನ ಮರಿಗಳನ್ನು ಎರಡು ಕಂತಿನಲ್ಲಿ ತನ್ನಿ, ಒಟ್ಟು 20ರ ಒಳಗೆ. ಎರಡನೇ ಕಂತು ಬಿಡುವ ಮೊದಲು ಸಣ್ಣ ಕಲ್ಲುಗಳ ಜಾಗ ಬದಲಿಸಿ, ಹಳೆಯವುಗಳ ಗಡಿ ಅಳಿಸಿ ಹೋಗುತ್ತದೆ. ಸ್ಪಿರುಲಿನಾ ಇರುವ ಆಹಾರ, ವಾರಕ್ಕೊಮ್ಮೆ ಬೇಯಿಸಿದ ಪಾಲಕ್ ಚೂರು ಸಾಕು. ಕೆಂಪು ಹುಳ ಹಾಕಿದರೆ ಹೊಟ್ಟೆ ಉಬ್ಬುವ ರೋಗ ಹಿಡಿಯಬಹುದು.

ವಾರಕ್ಕೆ ಕಾಲು ಭಾಗ ನೀರು ಬದಲಿಸಿ. ಬೇಸಿಗೆಯಲ್ಲಿ ಆವಿಯಾದಷ್ಟೇ ಬೋರ್ ನೀರು ತುಂಬುತ್ತಾ ಹೋದರೆ ಉಪ್ಪು ಒಳಗೇ ಉಳಿದು ಗಡಸು ಏರುತ್ತಲೇ ಇರುತ್ತದೆ. ಆ ಕೊರತೆಯನ್ನು ಆರ್‌ಒ ನೀರಲ್ಲಿ ತುಂಬಿ. ತೆಗೆದ ನೀರು ಗಿಡಗಳಿಗೆ ಒಳ್ಳೆಯ ಗೊಬ್ಬರ. ಮೀನು ಬೇಡವಾದರೆ ಅಂಗಡಿಗೆ ವಾಪಸ್ ಕೊಡಿ, ಕೆರೆಗೋ ಹೊಂಡಕ್ಕೋ ಬಿಡಬೇಡಿ.

ಏಳೆಂಟು ತಿಂಗಳಾದ ಮೇಲೆ ಒಂದು ಹೆಣ್ಣು ಊಟ ಬಿಟ್ಟು, ಗದ್ದ ಉಬ್ಬಿಸಿಕೊಂಡು ಮೂಲೆ ಸೇರಿದರೆ ಔಷಧಿ ಹುಡುಕಬೇಡಿ. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿರುತ್ತದೆ. ಸುಮಾರು ಮೂರು ವಾರ ಹಾಗೇ ಇರುತ್ತದೆ. ಎರಡು ವಾರ ಕಳೆದ ಮೇಲೆ ಅದನ್ನು ನಿಧಾನಕ್ಕೆ ಹಿಡಿದು ಹಳೆ ಎರಡಡಿ ಟ್ಯಾಂಕಿಗೆ ಬಿಡಿ. ಅದನ್ನು ಮಾರಿಲ್ಲ ತಾನೇ?