ಹೊರದೇಶದ ಸಂಗೀತ ಕೊಳ್ಳುವ ಮುನ್ನ ಬೆಲೆ ಹೋಲಿಸುವ ಬಗೆ

ಕಲಬುರಗಿಯಲ್ಲಿ ಖಾಜಾ ಬಂದೇನವಾಜರ ಉರುಸಿನ ಖವಾಲಿ ಕೇಳುತ್ತ ಬೆಳೆದವರು ನುಸ್ರತ್ ಫತೇ ಅಲಿ ಖಾನರ ಧ್ವನಿಮುದ್ರಿಕೆಗಳನ್ನು ಹುಡುಕಹೊರಟರೆ, ಅವುಗಳಲ್ಲಿ ಹಲವನ್ನು ಹೊರತಂದದ್ದು ಇಂಗ್ಲೆಂಡಿನ ರಿಯಲ್ ವರ್ಲ್ಡ್ ರೆಕಾರ್ಡ್ಸ್ ಎಂಬುದು ತಿಳಿಯುತ್ತದೆ. ಇಂಥ ಸಂಗೀತವನ್ನು ಹೊರದೇಶದಿಂದ ಕೊಳ್ಳುವಾಗ ಪರದೆಯ ಮೇಲಿನ ಬೆಲೆಯನ್ನಲ್ಲ, ಬ್ಯಾಂಕ್ ಖಾತೆಯಿಂದ ಕೊನೆಗೆ ಕಡಿತವಾಗುವ ಮೊತ್ತವನ್ನು ಹೋಲಿಸಬೇಕು.

ಮೊದಲು ಆ್ಯಪಲ್ ಕಂಪನಿಯ ಭಾರತದ ಐಟ್ಯೂನ್ಸ್ ಮಳಿಗೆಯಲ್ಲಿ ಹುಡುಕಿ. 2012ರ ಡಿಸೆಂಬರ್‌ನಲ್ಲಿ ಆರಂಭವಾದ ಇಲ್ಲಿ ಬೆಲೆ ರೂಪಾಯಿಯಲ್ಲಿದ್ದು, ಯುಪಿಐ ಮೂಲಕವೂ ಹಣ ಕಟ್ಟಬಹುದು. ಇದೇ ಮಳಿಗೆಯ ಬೆಲೆ ದೇಶದಿಂದ ದೇಶಕ್ಕೆ ಬೇರೆಯಾಗಿದ್ದರೂ, ಅಗ್ಗದ ದೇಶಕ್ಕೆ ಖಾತೆ ಬದಲಿಸುವುದು ನನ್ನ ಅಭಿಪ್ರಾಯದಲ್ಲಿ ಸಲ್ಲದು: ಅದಕ್ಕೆ ಆ ದೇಶದ ಪಾವತಿ ವಿಧಾನ ಮತ್ತು ವಿಳಾಸ ಬೇಕು, ಖಾತೆಯಲ್ಲಿ ಉಳಿದ ಹಣವನ್ನು ಮೊದಲೇ ಖರ್ಚು ಮಾಡಬೇಕು, ಸುಳ್ಳು ವಿಳಾಸ ಕೊಟ್ಟರೆ ನಿಯಮ ಮುರಿದಂತಾಗುತ್ತದೆ.

ಕಲಾವಿದರು ಕೇಳುಗರಿಗೆ ನೇರವಾಗಿ ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನ ಕ್ರಮ ಬೇರೆ. ಅಲ್ಲಿ ಕಲಾವಿದರೋ ಪ್ರಕಾಶನ ಸಂಸ್ಥೆಯೋ ತಮ್ಮ ಕರೆನ್ಸಿಯಲ್ಲಿ ಬೆಲೆ ನಿಗದಿ ಮಾಡುತ್ತಾರೆ. ಹಣದ ಬಹುಪಾಲು ಅವರಿಗೇ ಸೇರುವುದರಿಂದ ಸ್ವಲ್ಪ ಹೆಚ್ಚು ಕೊಟ್ಟರೂ ಅದು ಸಾರ್ಥಕವೆಂದು ನಾನು ನಂಬಿದ್ದೇನೆ. ಆದರೆ ಲೆಕ್ಕ ಇಲ್ಲಿಯೇ ಎಚ್ಚರ ಬೇಡುತ್ತದೆ. ಆಲ್ಬಂ ಬೆಲೆ 8 ಪೌಂಡ್, ಒಂದು ಪೌಂಡಿಗೆ 110 ರೂಪಾಯಿ ಎಂದಿಟ್ಟುಕೊಳ್ಳಿ: 880 ರೂಪಾಯಿ. ಹೊರದೇಶದವರು ನಮಗೆ ಮಾರುವ ಡಿಜಿಟಲ್ ಸೇವೆಗೂ ಶೇ 18ರ ಜಿಎಸ್‌ಟಿ ಉಂಟು. ಬಿಲ್ಲಿನ ಕೊನೆಯ ಪುಟದಲ್ಲಿ ಅದು ಸೇರಿದರೆ ಮೊತ್ತ ಸುಮಾರು 1,038 ಆಗುತ್ತದೆ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇ 3.5 ಇದ್ದರೆ 36 ರೂಪಾಯಿ, ಆ ಶುಲ್ಕದ ಮೇಲೆ ಮತ್ತೆ ಜಿಎಸ್‌ಟಿ ಆರೂವರೆ ರೂಪಾಯಿ. ಹೀಗೆ 880 ರೂಪಾಯಿಯ ಆಲ್ಬಂ 1,081ಕ್ಕೆ ಬಂದು ನಿಲ್ಲುತ್ತದೆ. ಪಾವತಿ ಪುಟವು ರೂಪಾಯಿಯಲ್ಲೇ ಕಟ್ಟುವಿರಾ ಎಂದು ಕೇಳಿದರೆ ಎರಡೂ ಮೊತ್ತಗಳನ್ನು ನೋಡಿ ನಿರ್ಧರಿಸಿ. ಆ ಪರಿವರ್ತನೆಯ ದರ ಸಾಮಾನ್ಯವಾಗಿ ನಮಗೆ ದುಬಾರಿ.

ರಿಸರ್ವ್ ಬ್ಯಾಂಕಿನ 2020ರ ಸೂಚನೆಯಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮೊದಲಿಗೆ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಮಿತಿಯನ್ನು ಬೇಕಾದಷ್ಟಕ್ಕೇ ಇಟ್ಟು, ಖರೀದಿ ಮುಗಿದೊಡನೆ ಮುಚ್ಚಿ.

ಹೋಲಿಸುವ ಸರಕು ಒಂದೇ ಆಗಿರಲಿ. ಐಟ್ಯೂನ್ಸ್ ಕೊಡುವುದು ಗಾತ್ರ ಕುಗ್ಗಿಸಿದ ಎಎಸಿ ಫೈಲು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಧ್ವನಿಯ ಯಾವ ಅಂಶವನ್ನೂ ಬಿಡದ ಫ್ಲ್ಯಾಕ್ ಫೈಲು ಕೂಡ ಹೆಚ್ಚುವರಿ ಬೆಲೆಯಿಲ್ಲದೆ ಸಿಗುತ್ತದೆ. ತಾನ್‌ಪುರದ ಮೀಟು ಕರಗುವುದನ್ನು ಕೊನೆಯವರೆಗೂ ಕೇಳಬಯಸುವವರು ಎರಡನ್ನೂ ಹೆಡ್‌ಫೋನಿನಲ್ಲಿ ಕೇಳಿ ನೋಡುವುದು ಒಳಿತು.

ಕೊಂಡ ದಿನವೇ ಫೈಲುಗಳನ್ನು ಇಳಿಸಿಕೊಂಡು, ಬೇರೊಂದು ಹಾರ್ಡ್ ಡಿಸ್ಕಿಗೂ ನಕಲಿಸಿ, ರಸೀದಿಯನ್ನು ಜೊತೆಗಿಡಿ. ಹಾಡುಗಳನ್ನು ಮಾರುತ್ತಿದ್ದ ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಮಳಿಗೆ ಮುಚ್ಚಿದ ಮೇಲೂ ಕೇಳಲು ಸಿಗುವುದು ನಿಮ್ಮ ಡಿಸ್ಕಿನಲ್ಲಿರುವ ಪ್ರತಿ ಮಾತ್ರ.