ಗುಳ್ಳೆ ಬಂದರೆ ಸಾಲದು: ಶಿಶುಗಳ ಬಬಲ್ ಸಿಪ್ಯಾಪ್ ಕಿಟ್ ಕಟ್ಟಿದ ಅನುಭವ

ಉಸಿರಾಡಲು ಕಷ್ಟಪಡುವ ಶಿಶುವಿಗೆ ಬಿಡದೆ ಸ್ವಲ್ಪ ಒತ್ತಡದಲ್ಲಿ ಗಾಳಿ ಕೊಡುವ ಬಬಲ್ ಸಿಪ್ಯಾಪ್ ನೋಡಲು ಬಲು ಸರಳ. ಗಾಳಿ ಮತ್ತು ಆಮ್ಲಜನಕ ಬೆರೆತು, ಬಿಸಿಯಾಗಿ, ತೇವವಾಗಿ ಮಗುವಿನ ಮೂಗಿಗೆ ಬರುತ್ತವೆ. ಹೊರಹೋಗುವ ಪೈಪಿನ ತುದಿಯನ್ನು ನೀರಿನಲ್ಲಿ 5 ಸೆಂ.ಮೀ. ಮುಳುಗಿಸಿದರೆ ಪೈಪಿನೊಳಗೆ ಹತ್ತಿರಹತ್ತಿರ ಅಷ್ಟೇ, ಅಂದರೆ 5 ಸೆಂ.ಮೀ. ನೀರಿನ ಒತ್ತಡ ನಿಲ್ಲುತ್ತದೆ. ದಿನ ತುಂಬದೆ ಹುಟ್ಟಿದ ಮಗು ಉಸಿರು ಬಿಟ್ಟಾಗ ಶ್ವಾಸಕೋಶದ ಗಾಳಿಗೂಡುಗಳು ಮುದುಡದಂತೆ ಹಿಡಿಯುವುದು ಈ ಒತ್ತಡ. ನವಜಾತರಲ್ಲಿ ಇದು ಕೆಲಸ ಮಾಡುತ್ತದೆಂದು ಗ್ರೆಗರಿ ಮತ್ತು ಸಂಗಡಿಗರು 1971ರಲ್ಲೇ ತೋರಿಸಿದ್ದರು. ಢಾಕಾದಲ್ಲಿ ಚಿಸ್ತಿಯವರ ತಂಡ ಶಾಂಪೂ ಬಾಟಲಿಯನ್ನೇ ಬಳಸಿ ನ್ಯುಮೋನಿಯಾ ಇದ್ದ ಮಕ್ಕಳಿಗೆ ಇದನ್ನು ಕೊಟ್ಟ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಇಷ್ಟು ಸುಲಭವಾದದ್ದಕ್ಕೆ ಹೊಸ ಕಿಟ್ ಯಾಕೆ ಎಂದು ಕೇಳುವವರಿಗೆ ನಾವು ಮೇಜಿನ ಮೇಲೆ ಒಂದು ಪರೀಕ್ಷೆ ಮಾಡಿ ತೋರಿಸುತ್ತೇವೆ. ಪೈಪುಗಳ ಸರ್ಕ್ಯೂಟ್ ಜೋಡಿಸಿ, ನಿಮಿಷಕ್ಕೆ 6 ಲೀಟರ್ ಹರಿವು ಇಟ್ಟು, ಪ್ರಾಂಗಿನ (ಮೂಗಿನ ಹೊಳ್ಳೆಗಳಲ್ಲಿ ಕೂರುವ ಜೋಡಿ ನಳಿಕೆ) ಎರಡೂ ತೂತುಗಳನ್ನು ಬೆರಳಿನಿಂದ ಮುಚ್ಚುವುದು. ಗುಳ್ಳೆ ನಿಲ್ಲುವುದಿಲ್ಲ, ಇನ್ನೂ ಜೋರಾಗಿ ಬರುತ್ತದೆ. ಸಿಂಬಳ ಕಟ್ಟಿ ಪ್ರಾಂಗ್ ಮುಚ್ಚಿದಾಗಲೂ ಆಗುವುದು ಇದೇ. ವಾರ್ಡಿನಲ್ಲಿ ಬಾಟಲಿ ಗುಳುಗುಳು ಎನ್ನುತ್ತಿರುತ್ತದೆ, ಮಗುವಿಗೆ ಏನೂ ತಲುಪುತ್ತಿರುವುದಿಲ್ಲ. ಗುಳ್ಳೆ ನಿಂತರೆ ಎಲ್ಲೋ ಸೋರಿಕೆ ಇದೆ ಎಂದು ತಿಳಿಯುತ್ತದೆ. ಗುಳ್ಳೆ ಬಂದರೆ ಎಲ್ಲ ಸರಿ ಇದೆ ಎಂದು ತಿಳಿಯುವುದಿಲ್ಲ. ನಮ್ಮ ವಿನ್ಯಾಸದ ತೀರ್ಮಾನಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದ.

ಮೊದಲು ಬಾಟಲಿ. ಅಳತೆಯ ಗೆರೆಗಳನ್ನು ಬಾಟಲಿಯ ಮೇಲೆ ಹಾಕಿದರೆ ಕೊಳವೆ ಅರ್ಧ ಸೆಂಟಿಮೀಟರ್ ಜಾರಿದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಗೆರೆಗಳನ್ನು ಕೊಳವೆಯ ಮೇಲೆ, ತುದಿಯನ್ನು ಸೊನ್ನೆ ಎಂದು ಹಿಡಿದು ಹಾಕಿದೆವು. ಶಾಯಿಯಲ್ಲಿ ಹಾಕಿದ ಗೆರೆ ಸೋಂಕುನಿವಾರಕ ಹೈಪೋಕ್ಲೋರೈಟ್‌ನಲ್ಲಿ ನಾಲ್ಕು ಸಲ ಅದ್ದುವಷ್ಟರಲ್ಲಿ ಮಸುಕಾಯಿತು. ಈಗ ಕೊರೆದ ಗೆರೆ, ಪ್ರತಿ ಸೆಂಟಿಮೀಟರಿಗೆ ಕಚ್ಚಿ ನಿಲ್ಲುವ ಒಂದು ಕಚ್ಚು. ಕೊಳವೆಯ ಒಳವ್ಯಾಸ 10 ಮಿ.ಮೀ. ಇದಕ್ಕಿಂತ ಸಣ್ಣದಾದರೆ ಹರಿವಿನ ತಡೆಯೇ ಒತ್ತಡಕ್ಕೆ ಸೇರುತ್ತದೆ. ನಯವಾದ ಹರಿವಿನಲ್ಲಿ ವ್ಯಾಸ ಅರ್ಧವಾದರೆ ತಡೆ 16 ಪಟ್ಟು, ಹಾಗಾಗಿ ಸಿಕ್ಕಸಿಕ್ಕ ಪೈಪನ್ನು ಬಳಸುವಂತಿಲ್ಲ.

ಬಾಟಲಿಯ ಒಳವ್ಯಾಸ 7 ಸೆಂ.ಮೀ. ಅಷ್ಟು ಅಗಲದಲ್ಲಿ 38 ಮಿ.ಲೀ. ನೀರು ಸೇರಿದರೆ ಮಟ್ಟ 1 ಸೆಂ.ಮೀ. ಏರುತ್ತದೆ, ಅಂದರೆ ಒತ್ತಡವೂ ಅಷ್ಟೇ ಏರುತ್ತದೆ. ನೀರು ಸೇರುವುದು ಎಲ್ಲಿಂದ? ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರಿನ ಹಬೆ ಪೈಪಿನಲ್ಲಿ ತಣಿದು ಹನಿಯಾಗಿ ಇಳಿಯುತ್ತದೆ. ಆದ್ದರಿಂದ ತುಂಬುವ ಗೆರೆಗೆ ಸರಿಯಾಗಿ ಒಂದು ತೂತು ಕೊರೆದು, ಹೆಚ್ಚಾದದ್ದು ಪಕ್ಕದ ಚಿಕ್ಕ ಬಟ್ಟಲಿಗೆ ಹೋಗುವಂತೆ ಮಾಡಿದೆವು. ಇಷ್ಟು ಚಿಕ್ಕ ಬದಲಾವಣೆ ಸಿಸ್ಟರ್‌ಗಳ ಕೆಲಸವನ್ನು ತಗ್ಗಿಸಿದಷ್ಟು ಬೇರಾವುದೂ ತಗ್ಗಿಸಲಿಲ್ಲ.

ಬಾಟಲಿಗಿಂತ ಹೆಚ್ಚು ಕಾಟ ಕೊಟ್ಟದ್ದು ಹೊರಹೋಗುವ ಪೈಪು. ಅದು ಹಾಸಿಗೆಯ ಅಂಚಿನಿಂದ ಕೆಳಗೆ ಜೋತು ಮತ್ತೆ ಬಾಟಲಿಗೆ ಏರಿದರೆ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. 10 ಮಿ.ಮೀ. ಪೈಪಿನಲ್ಲಿ 10 ಮಿ.ಲೀ. ನೀರೆಂದರೆ ಸುಮಾರು 13 ಸೆಂ.ಮೀ. ಉದ್ದ. ಏರುವ ಭಾಗದಲ್ಲಿ ಅದು ಎಷ್ಟು ಎತ್ತರ ನಿಂತಿದೆಯೋ ಅಷ್ಟೂ ಬಾಟಲಿಯ 5ರ ಮೇಲೆ ಕೂಡುತ್ತದೆ. ಬಾಟಲಿ ನೋಡಿದವರಿಗೆ 5 ಎಂದೇ ಕಾಣುತ್ತದೆ. ಮೂಗಿನ ಹತ್ತಿರ 9 ಇರಬಹುದು. ಹೆಚ್ಚಿದ ಒತ್ತಡದಿಂದ ಪುಟ್ಟ ಶ್ವಾಸಕೋಶ ಒಡೆದು ಎದೆಗೂಡಿನಲ್ಲಿ ಗಾಳಿ ತುಂಬಿಕೊಳ್ಳುವ ಅಪಾಯವಿದೆ. ಬಾಟಲಿಯನ್ನು ಮಗುವಿಗಿಂತ ಕೆಳಗೆ ಕಟ್ಟಿ, ಪೈಪು ಉದ್ದಕ್ಕೂ ಇಳಿಜಾರಾಗಿ ಹೋಗುವಂತೆ ಕ್ಲಿಪ್ ಕೊಟ್ಟೆವು. ಒತ್ತಡ ಅಳೆಯುವ ಜಾಗವನ್ನು ಪ್ರಾಂಗಿನ ಪಕ್ಕದಲ್ಲೇ ಇಟ್ಟೆವು. ಆ ಬಾಯಿಗೆ ಸಿರಿಂಜ್ ಕೂರದಂತೆ ಕನೆಕ್ಟರ್ ಆರಿಸುವುದು ಮುಖ್ಯ. ನಡುರಾತ್ರಿಯಲ್ಲಿ ಯಾರಾದರೂ ಹಾಲು ಕೊಡುವ ನಳಿಗೆ ಎಂದುಕೊಂಡರೆ ಕಥೆ ಮುಗಿಯಿತು. ಪೈಪು ಮಡಚಿಕೊಂಡರೆ ಒತ್ತಡ ಹೊರಬಿಡಲು ಒಳಬರುವ ಕಡೆ 15 ಸೆಂ.ಮೀ. ನೀರಿನ ಒತ್ತಡಕ್ಕೆ ತೆರೆಯುವ ವಾಲ್ವ್ ಇದೆ. ಅದನ್ನು 10 ಲೀಟರ್ ಹರಿವಿನಲ್ಲಿ ಪರೀಕ್ಷಿಸಬೇಕು. ಕಡಿಮೆ ಹರಿವಿನಲ್ಲಿ ಸರಿಯಾಗಿ ಕಾಣುವ ವಾಲ್ವ್ ಹೆಚ್ಚಿನದರಲ್ಲಿ ಒತ್ತಡ ಏರಲು ಬಿಟ್ಟೀತು.

ಪ್ರಾಂಗ್ ಮೂಗಿನ ಹೊಳ್ಳೆಯನ್ನು ತುಂಬಬೇಕು, ಆದರೆ ಸುತ್ತಲ ಚರ್ಮ ಬಿಳಿಚಬಾರದು. ಪ್ರಾಂಗಿನ ಸೇತುವೆಗೂ ಎರಡು ಹೊಳ್ಳೆಗಳ ನಡುವಿನ ಚರ್ಮಕ್ಕೂ 2ರಿಂದ 3 ಮಿ.ಮೀ. ಅಂತರ ಬೇಕು, ಅದು ತಗುಲಿದರೆ ಒಂದೆರಡು ದಿನದಲ್ಲೇ ಹುಣ್ಣಾಗುತ್ತದೆ. ಸಣ್ಣ ಪ್ರಾಂಗ್ ಹಾಕಿ ಸೋರುವುದನ್ನು ತಡೆಯಲು ಪಟ್ಟಿ ಬಿಗಿ ಮಾಡುವುದು ಎಲ್ಲ ಕಡೆ ಕಾಣುವ ತಪ್ಪು. ಬಿಗಿ ಮಾಡುವ ಬದಲು ಒಂದು ಅಳತೆ ದೊಡ್ಡದು ಹಾಕಿ. ನಮ್ಮ ಮೊದಲ ಅಚ್ಚಿನಲ್ಲಿ ಸಿಲಿಕೋನಿನ ಎರಡು ಭಾಗ ಸೇರುವ ಗೆರೆ ಪ್ರಾಂಗಿನ ಪಕ್ಕದಲ್ಲೇ ಬಂದಿತ್ತು. ಬೆರಳಿಗೆ ಗೊತ್ತಾಗದ ಆ ಸಣ್ಣ ಏಣು ಒಳಚರ್ಮಕ್ಕೆ ಗೀರುವಷ್ಟಿತ್ತು. ಹಾಗಾಗದಿರಲು ಅಚ್ಚಿನಲ್ಲಿ ಆ ಗೆರೆಯನ್ನು ಬುಡಕ್ಕೆ ಸರಿಸಬೇಕಾಯಿತು. ದಿನಗಟ್ಟಲೆ ಒಳಚರ್ಮಕ್ಕೆ ತಾಗಿರುವ ವಸ್ತುವಾದ್ದರಿಂದ ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡದ ಜೈವಿಕ ಪರೀಕ್ಷೆಗಳನ್ನು 24 ಗಂಟೆ ಮೀರಿದ ಸಂಪರ್ಕದ ವರ್ಗಕ್ಕೆ ಹಿಡಿದು ಮಾಡಿಸಬೇಕು. ಪ್ರಯೋಗಾಲಯಕ್ಕೆ ಅಂತಿಮ ಅಚ್ಚಿನಿಂದ, ಅಂತಿಮ ಬಣ್ಣದಿಂದ ಬಂದ ತುಂಡನ್ನೇ ಕಳಿಸಿ. ಬಣ್ಣ ಬದಲಿಸಿದರೆ ಮತ್ತೆ ಮಾಡಿಸಬೇಕಾದೀತು.

ಇನ್ನು ಬಿಸಿ. ಒಣಗಾಳಿ ಕೊಟ್ಟರೆ ಸಿಂಬಳ ಗಟ್ಟಿಯಾಗಿ ಪ್ರಾಂಗ್ ಕಟ್ಟುತ್ತದೆ, ಮೊದಲು ಹೇಳಿದ ತೊಂದರೆಗೇ ಬರುತ್ತೇವೆ. ಮೂಗಿಗೆ ಬರುವ ಗಾಳಿ 37 ಡಿಗ್ರಿ ಇರಬೇಕು, ಲೀಟರಿಗೆ 44 ಮಿ.ಗ್ರಾಂ. ನೀರಾವಿ ಇರಬೇಕು. ಇಲ್ಲೊಂದು ಮೋಸವಿದೆ: ಉಷ್ಣಮಾಪಕದ ಪ್ರೋಬ್ ಮಗುವನ್ನು ಮೇಲಿನಿಂದ ಬೆಚ್ಚಗಿಡುವ ವಾರ್ಮರಿನ ಕೆಳಗಿದ್ದರೆ ವಾರ್ಮರಿನ ಶಾಖವನ್ನೂ ಓದುತ್ತದೆ. ಗಾಳಿ ಬಿಸಿಯಾಗಿದೆ ಎಂದುಕೊಂಡು ಹ್ಯೂಮಿಡಿಫೈಯರ್ ತನ್ನ ಹೀಟರನ್ನು ತಗ್ಗಿಸುತ್ತದೆ. ಪ್ರೋಬಿನ ಮೇಲೆ ಹೊಳೆಯುವ ಸ್ಟಿಕರ್ ಅಂಟಿಸಿ, ಅಥವಾ ವಾರ್ಮರಿನ ಬೆಳಕಿನಿಂದ ಹೊರಗೆ ಇಡಿ.

ಆಮ್ಲಜನಕದ ಪಾಲನ್ನು ಲೆಕ್ಕ ಹಾಕಲು ಎರಡು ರೋಟಾಮೀಟರ್ (ಗಾಜಿನ ಕೊಳವೆಯೊಳಗೆ ತೇಲುವ ಚೆಂಡಿನಿಂದ ಹರಿವು ಅಳೆಯುವ ಮಾಪಕ) ಸಾಕು, ಚೆಂಡಿನ ನಡುಭಾಗ ಓದಿ. ಸಿಲಿಂಡರ್ ಆಮ್ಲಜನಕ 1, ಗಾಳಿ 5 ಲೀಟರ್ ಇಟ್ಟರೆ 34%. ಅದೇ 2 ಮತ್ತು 4 ಆದರೆ 47%, 3 ಮತ್ತು 3 ಆದರೆ 60%. ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಕಾನ್ಸೆಂಟ್ರೇಟರಿನಿಂದ ಬರುವುದು ಸುಮಾರು 93% ಆದ್ದರಿಂದ ಇವು ಕ್ರಮವಾಗಿ 33, 45, 57ಕ್ಕೆ ಇಳಿಯುತ್ತವೆ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ರಕ್ತದ ಆಮ್ಲಜನಕ 90ರಿಂದ 95% ನಡುವೆ ನಿಲ್ಲುವಂತೆ ನೋಡಿ. ಮೇಲಕ್ಕೆ ಹೋದರೆ ಒಳ್ಳೆಯದೇ ಎಂದುಕೊಳ್ಳುವುದು ಕಣ್ಣಿನ ರೆಟಿನಾಕ್ಕೆ ದುಬಾರಿ.

ಕಾಗದದ ಕೆಲಸದಲ್ಲಿ ತಡವಾಗುವುದು ಒಂದೇ ಕಾರಣಕ್ಕೆ: ಮೊದಲ ದಿನದಿಂದ ಬರೆದಿಟ್ಟಿರುವುದಿಲ್ಲ. ಭಾರತದ 2017ರ ವೈದ್ಯಕೀಯ ಸಾಧನಗಳ ನಿಯಮದಂತೆ ಪರೀಕ್ಷೆಗೆಂದು ಸ್ವಲ್ಪ ತಯಾರಿಸಲು ಎಂಡಿ-13, ಮಗುವಿನ ಮೇಲೆ ಪರೀಕ್ಷಿಸಲು ಎಂಡಿ-23 ಅನುಮತಿ ಬೇಕು, ಜೊತೆಗೆ ನೈತಿಕ ಸಮಿತಿಯದೂ. ಅಪಾಯಗಳ ಪಟ್ಟಿಯನ್ನು ಐಎಸ್‌ಒ 14971ರ ಕ್ರಮದಲ್ಲಿ ಮೊದಲೇ ತೆರೆದಿಡಿ. ಮೇಲೆ ಬರೆದ ಒಂದೊಂದು ತಪ್ಪೂ ಅದರ ಒಂದೊಂದು ಸಾಲು. ಮಗು ಹುಟ್ಟಿದ ಕೆಲವೇ ನಿಮಿಷದಲ್ಲಿ ಸಿಪ್ಯಾಪ್ ಬೇಕಾಗುವುದರಿಂದ ಪೋಷಕರ ಒಪ್ಪಿಗೆಯ ಮಾತನ್ನು ಹೆರಿಗೆಗೆ ಮುನ್ನವೇ ಆಡಬೇಕು. ನೋವಿನಲ್ಲಿರುವ ತಾಯಿಯ ಮುಂದೆ ಹಾಳೆ ಹಿಡಿದರೆ ಅದು ಒಪ್ಪಿಗೆಯಲ್ಲ.

ಬಳಕೆಯ ಪರೀಕ್ಷೆಗೆ ಇಂಜಿನಿಯರುಗಳು ಬೇಡ. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರ ಮುಂದೆ ಕಿಟ್ಟಿನ ತುಂಡುಗಳನ್ನು ಸುರಿದು, ಬೊಂಬೆಗೆ ಜೋಡಿಸಲು ಹೇಳಿ, ಏನೂ ಮಾತಾಡದೆ ನಿಲ್ಲಬೇಕು. ಕೈ ಎಲ್ಲಿ ತಡೆಯುತ್ತದೆ ಎಂದು ಅಲ್ಲೇ ಕಾಣುತ್ತದೆ. ಹಾಗೆ ಸೇರಿದ ಕೊನೆಯ ಅಂಶ ಕರೆಂಟ್ ಹೋದಾಗಿನದು. ಹರಿವು ನಿಂತರೆ ಮಗು ತನ್ನದೇ ಉಸಿರನ್ನು ಪೈಪಿನಿಂದ ಮತ್ತೆ ಎಳೆದುಕೊಳ್ಳುತ್ತದೆ. ಎಲ್ಲರೂ ಮೊದಲು ಓಡುವುದು ಸಿಲಿಂಡರ್ ತರಲು. ಈಗ ಕಿಟ್ಟಿನ ಮುಚ್ಚಳದ ಮೇಲೆ ದೊಡ್ಡ ಅಕ್ಷರದಲ್ಲಿ ಒಂದೇ ಸಾಲಿದೆ: «ಗಾಳಿ ನಿಂತಿತೇ? ಮೊದಲು ಪ್ರಾಂಗ್ ತೆಗೆಯಿರಿ, ಆಮೇಲೆ ಸಿಲಿಂಡರ್.»