ಹಳೇ ಹಣದ ನೋಟು ಕೈಗೆ ಕೊಟ್ಟು ಬಾಲ್ಕನ್ ಪಾಠ: ನನ್ನ ಅನುಭವ

ಯುಪಿಎಸ್‌ಸಿಗೆ ಇತಿಹಾಸ ಐಚ್ಛಿಕ ತೆಗೆದುಕೊಂಡವರಿಗೆ ಪಾಠ ಮಾಡುವವರಿಗೆಲ್ಲ ಆಗ್ನೇಯ ಯುರೋಪಿನ ಬಾಲ್ಕನ್ ಅನ್ನುವ ಈ ತಲೆನೋವು ಗೊತ್ತು. 1878ರ ಬರ್ಲಿನ್ ಒಪ್ಪಂದ, 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಸೇರಿಸಿಕೊಂಡದ್ದು, 1912–13ರ ಎರಡು ಬಾಲ್ಕನ್ ಯುದ್ಧ ಎಲ್ಲವೂ ಹುಡುಗರಿಗೆ ಬಾಯಿಪಾಠ. "ಯುಗೊಸ್ಲಾವಿಯಾ ಯಾಕೆ ಒಡೆಯಿತು?" ಅಂದರೆ ಮಾತ್ರ ಪೆನ್ನು ನಿಂತುಬಿಡುತ್ತದೆ.

ಮೊದಲು ನಕ್ಷೆಗಳಿಗೆ ಒಂಬತ್ತು ಸಾವಿರದಷ್ಟು ಸುರಿದೆ. ಹುಡುಗರಿಗೆ ಬಣ್ಣ ನೆನಪಿತ್ತು, ಜನ ನೆನಪಿರಲಿಲ್ಲ. ಆಮೇಲೆ ಅಂಚೆಚೀಟಿ. ಕೊಲೆಯಾದ ಆಸ್ಟ್ರಿಯಾ ಯುವರಾಜ ಫ್ರಾಂಜ್ ಫರ್ಡಿನೆಂಡ್ ನೆನಪಿಗೆ 1917ರಲ್ಲಿ ಬೋಸ್ನಿಯಾದಲ್ಲಿ ತಂದ ಚೀಟಿ ಸೊಗಸಾಗಿದೆ, ಆದರೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ.

ಕೊನೆಗೆ ಹಳೇ ಹಣದ ನೋಟಿಗೆ ಕೈಹಾಕಿದಾಗ ಜೊತೆಯ ಮೇಷ್ಟ್ರೊಬ್ಬರು, "ಪಾಠ ಮಾಡ್ತೀರೋ, ಪ್ರದರ್ಶನ ಇಡ್ತೀರೋ ಸರ್?" ಅಂದರು.

ಕೆಲಸ ಮಾಡಿದ್ದು 1919ರ 10 ದಿನಾರ್ ನೋಟು. ಅದರ ಮೇಲೆ 40 ಕ್ರೂನ ಅಂತ ಎರಡನೇ ಸಲ ಅಚ್ಚೊತ್ತಿದ್ದಾರೆ. 1918ರಲ್ಲಿ, ಮುಂದೆ ಯುಗೊಸ್ಲಾವಿಯಾ ಅನ್ನಿಸಿಕೊಂಡ ಹೊಸ ರಾಜ್ಯ ಹುಟ್ಟಿದಾಗ ಕ್ರೊಯೇಷಿಯಾ, ಸ್ಲೊವೇನಿಯಾ, ಬೋಸ್ನಿಯಾದವರ ಕೈಯಲ್ಲಿದ್ದದ್ದು ಆಸ್ಟ್ರಿಯಾ-ಹಂಗೇರಿಯ ಕ್ರೂನ. ನಾಲ್ಕು ಕೊಟ್ಟರೆ ಒಂದು ಸರ್ಬಿಯನ್ ದಿನಾರ್. ಅದಕ್ಕೂ ಮುಂಚೆ ಹಳೇ ಕ್ರೂನ ನೋಟಿಗೆ ಸರ್ಕಾರಿ ಚೀಟಿ ಅಂಟಿಸುವಾಗಲೇ ನೂರಕ್ಕೆ ಇಪ್ಪತ್ತು ಸರ್ಕಾರ ಹಿಡಿದುಕೊಂಡಿತ್ತು. ಇಷ್ಟು ಹೇಳಿ ಸುಮ್ಮನಾದೆ. "ಹಂಗಾದ್ರೆ ಝಾಗ್ರೆಬ್‌ನವರು ಒಪ್ಪಿಕೊಂಡ್ರಾ ಸರ್?" ಅಂತ ಒಬ್ಬಳು ಕ್ರೊಯೇಷಿಯಾದ ಮುಖ್ಯ ನಗರ ನೆನೆದು ಕೇಳಿದಳು. ಅಲ್ಲಿಂದ 1921ರ ಕೇಂದ್ರೀಕೃತ ಸಂವಿಧಾನ, 1928ರಲ್ಲಿ ರಾಜಧಾನಿ ಬೆಲ್‌ಗ್ರೇಡ್‌ನ ಸಂಸತ್ತಿನೊಳಗೇ ಕ್ರೊಯೇಷಿಯಾದ ರೈತ ನಾಯಕ ಸ್ಟೆಪಾನ್ ರಾಡಿಚ್‌ಗೆ ಬಿದ್ದ ಗುಂಡು, 1929ರ ಅಲೆಕ್ಸಾಂಡರ್ ದೊರೆಯ ಸರ್ವಾಧಿಕಾರ, ಎಲ್ಲಕ್ಕೂ ದಾರಿ ತಾನಾಗಿ ತೆರೆಯಿತು. ಆ ನೋಟಿಗೆ ಸಾವಿರದ ಇನ್ನೂರರಷ್ಟು ಕೊಟ್ಟ ನೆನಪು. ಕೊಟ್ಟದ್ದು ಸಾರ್ಥಕ.

ಎರಡನೇ ಮಹಾಯುದ್ಧದ ನಂತರ ದೇಶ ಆಳಿದ ಕಮ್ಯುನಿಸ್ಟ್ ನಾಯಕ ಟಿಟೊ ಕಾಲದ ನೋಟುಗಳು ಅಗ್ಗ, ಐವತ್ತು-ನೂರಕ್ಕೆ ಸಿಗುತ್ತವೆ. ಅವುಗಳಲ್ಲಿ ಎರಡು ಲಿಪಿ, ಹಲವು ಭಾಷೆ. ಹುಡುಗರು ತಾವಾಗಿಯೇ ಜೇಬಿನ ಹತ್ತು ರೂಪಾಯಿ ತೆಗೆದು ಕನ್ನಡದ ಸಾಲು ಹುಡುಕಿದರು.

ದೇಶ ಒಡೆದು ಬೆಲೆಗಳು ಹುಚ್ಚೆದ್ದು ಏರಿದಾಗಿನ, 1993ರ 50,000 ಕೋಟಿ ದಿನಾರ್ ನೋಟು ನೋಟು ಸಂಗ್ರಹಿಸುವವರಿಗೆಲ್ಲ ಗೊತ್ತು, ಕವಿ ಜ್ಮಾಯ್ ಚಿತ್ರದ್ದು. ಬರೀ ತೋರಿಸಿದರೆ ನಕ್ಕು ಮರೆಯುತ್ತಾರೆ. ಅದಕ್ಕೇ ಬೋರ್ಡಿನ ಮೇಲೆ ಹತ್ತು ರೂಪಾಯಿ ಚಹಾ ಬರೆದು, ಒಂದೂವರೆ ದಿನಕ್ಕೊಮ್ಮೆ ದುಪ್ಪಟ್ಟು ಮಾಡಿಸಿದೆ. ತಿಂಗಳಿಗೆ ಒಂದು ಕೋಟಿ ದಾಟಿತು. 1994ರ ಜನವರಿಯಲ್ಲಿ ಬೆಲ್‌ಗ್ರೇಡ್‌ನಲ್ಲಿ ಬೆಲೆ ಏರಿದ ವೇಗ ಅದಕ್ಕೂ ಹೆಚ್ಚು. ತಿಂಗಳ ಕೊನೆಗೆ ಅರ್ಥಶಾಸ್ತ್ರಜ್ಞ ಅವ್ರಮೊವಿಚ್ ಹೊಸ ದಿನಾರನ್ನು ಜರ್ಮನ್ ಮಾರ್ಕಿಗೆ ಒಂದಕ್ಕೊಂದು ಕಟ್ಟಿ ನಿಲ್ಲಿಸಿದರು. ಪಿಂಚಣಿ ನಂಬಿಕೊಂಡ ಮುದುಕರ ಗತಿ ಏನಾಗಿತ್ತು ಅನ್ನುವುದನ್ನು ಆ ಲೆಕ್ಕದ ಮೇಲೆ ಹುಡುಗರೇ ಬರೆದರು, ಚೆನ್ನಾಗಿ ಬರೆದರು.

ಕೊನೆಗೆ ಬೋಸ್ನಿಯಾದ ಜೋಡಿ. ಒಂದೇ ಬ್ಯಾಂಕಿನ 10 ಮಾರ್ಕ್ (ಅಲ್ಲಿನ ಹಣದ ಹೆಸರೂ ಮಾರ್ಕೇ). ಒಂದರಲ್ಲಿ ಕವಿ ಮಾಕ್ ಡಿಜ್ದಾರ್, ಮೇಲಿನ ಸಾಲು ಲ್ಯಾಟಿನ್ ಲಿಪಿಯದು. ಇನ್ನೊಂದರಲ್ಲಿ ಕವಿ ಅಲೆಕ್ಸಾ ಶಾಂತಿಚ್, ಮೇಲಿನ ಸಾಲು ಸರ್ಬರು ಬಳಸುವ ಸಿರಿಲಿಕ್ ಲಿಪಿಯದು. ಬೋಸ್ನಿಯಾದ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದ ಒಂದೇ ದೇಶದೊಳಗೆ ಬೋಸ್ನಿಯಾಕ್-ಕ್ರೊಯಾಟ್ ಹಾಗೂ ಸರ್ಬ್ ಅಂತ ಎರಡು ಘಟಕ ಮಾಡಿದ್ದು ಇದಕ್ಕಿಂತ ಸ್ಪಷ್ಟವಾಗಿ ಎಲ್ಲೂ ಕಾಣದು. ಚಲಾವಣೆಯ ಹಣ, ಹಾಗಾಗಿ ತುಟ್ಟಿ: ಜೋಡಿಗೆ ಎರಡು ಸಾವಿರದ ಹತ್ತಿರ.

ಈ ಸಲ ಅಣಕು ಪರೀಕ್ಷೆಯಲ್ಲಿ ಬಾಲ್ಕನ್ ಪ್ರಶ್ನೆ ಬಿಟ್ಟವರು ಬೆರಳೆಣಿಕೆ. ಮೊದಲು ಅರ್ಧಕ್ಕರ್ಧ ಬಿಡುತ್ತಿದ್ದರು. ಪ್ರದರ್ಶನ ಅಂದವರೇ ಈಗ ನೋಟು ಕೇಳಿ ಒಯ್ಯುತ್ತಾರೆ. ಯಾವ ನೋಟನ್ನು ಮೊದಲು ಕೊಡುತ್ತೇನೆ, ಕೊಡುವಾಗ ಯಾವ ಪ್ರಶ್ನೆ ಕೇಳುತ್ತೇನೆ ಅನ್ನುವುದನ್ನು ಅವರಿಗೂ ಹೇಳಿಲ್ಲ. ಕೊಳ್ಳುವವರು ಒಂದು ನೋಡಿಕೊಳ್ಳಿ: ಚೀಟಿ ಅಂಟಿಸಿದ ಹಳೇ ಕ್ರೂನ ನೋಟುಗಳಲ್ಲಿ ನಕಲಿ ಇವೆ, ಎರಡನೇ ಅಚ್ಚಿನ 1919ರದ್ದನ್ನೇ ಕೇಳಿ.